ಸೆಕೆ ಹೆಚ್ಚಾಯ್ತು, ಹಾಗಾದ್ರೆ ಆವಿಯೂ ಹೆಚ್ಚಾಯ್ತು ಅಲ್ವಾ?

ಪ್ರಶ್ನೆ: ಮೊದಲಿಗಿಂತ ಈಗ ಸೆಕೆ ಜಾಸ್ತಿ. ಹಾಗಾದರೆ ನಮ್ಮ ಕೋಲಾರದ ಕೆರೆ, ಹೊಲಗಳಿಂದ ಆವಿಯಾಗಿ ಹೋಗುವ ನೀರೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ ಅಲ್ವಾ?

ಮಾರ್ಚ್ ಬಂತೆಂದರೆ ಈ ಪ್ರಶ್ನೆಯೂ ಬಂತು ಎಂದೇ ಲೆಕ್ಕ. ಒಮ್ಮೆ ಮಾಲೂರಿಂದ, ಒಮ್ಮೆ ಮುಳಬಾಗಿಲಿಂದ, ಮತ್ತೊಮ್ಮೆ ಶ್ರೀನಿವಾಸಪುರದಿಂದ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಕೇಳಿ. ಸೆಕೆ ಏರಿದ್ದು ನಿಜ. ಆದರೆ ಅದೊಂದನ್ನೇ ಹಿಡಿದುಕೊಂಡು ಆವಿಯ ಲೆಕ್ಕ ಹಾಕೋಕೆ ಆಗಲ್ಲ.

ನೆಲ ಮತ್ತು ಕೆರೆಯಿಂದ ಹೋಗುವ ಆವಿ, ಎಲೆಗಳು ಬಿಡುವ ಆವಿ, ಎರಡನ್ನೂ ನಡೆಸುವುದು ನಾಲ್ಕು ಸಂಗತಿ: ಬಿಸಿಲು, ತಾಪಮಾನ, ಗಾಳಿಯ ವೇಗ, ಗಾಳಿಯಲ್ಲಿರುವ ತೇವ. ಮಂಗಳೂರಲ್ಲೂ ಕೋಲಾರದಲ್ಲೂ 34 ಡಿಗ್ರಿ ಇರುವ ದಿನ ಒಂದೊಂದು ಒದ್ದೆ ಪಂಚೆ ಹರವಿ ನೋಡಿ. ನಮ್ಮದು ಮೊದಲು ಒಣಗುತ್ತದೆ. ಥರ್ಮಾಮೀಟರ್ ಎರಡೂ ಕಡೆ ಒಂದೇ ತೋರಿಸುತ್ತಿತ್ತು ಅಲ್ವಾ?

ಹವಾಮಾನ ಕೇಂದ್ರದಲ್ಲಿ ಇದನ್ನು ಅಳೆಯಲು ಒಂದು ಅಗಲವಾದ ದುಂಡು ತೊಟ್ಟಿ ಇರುತ್ತದೆ. ಅಡ್ಡಳತೆ ಸುಮಾರು 4 ಅಡಿ, ಆಳ ಒಂದು ಅಡಿಗಿಂತ ಕಡಿಮೆ. ಕಾಗೆ, ನಾಯಿ ಬಾಯಿ ಹಾಕದಂತೆ ಮೇಲೆ ತಂತಿ ಬಲೆ. ಬೆಳಿಗ್ಗೆ ಹೋಗಿ, ಒಳಗಿನ ಮುಳ್ಳಿನ ತುದಿ ಮುಟ್ಟುವಷ್ಟು ನೀರನ್ನು ಅಳತೆಯ ಪಾತ್ರೆಯಿಂದ ಸುರಿಯುತ್ತಾರೆ. ಸುರಿದಷ್ಟು ನೀರು ಹಿಂದಿನ ದಿನ ಆವಿಯಾಗಿ ಹೋಯಿತು ಎಂದರ್ಥ. ಮಳೆ ಬಂದಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಇಷ್ಟೇ ಕೆಲಸ.

ಈ ತೊಟ್ಟಿಗಳ ದಾಖಲೆಯೇ ನಿಮ್ಮ ವಾದಕ್ಕೆ ಅಡ್ಡ ಬರುವುದು. ದೇಶದ ಹಲವು ಕೇಂದ್ರಗಳ ಲೆಕ್ಕ ನೋಡಿ ಚಟ್ಟೋಪಾಧ್ಯಾಯ ಮತ್ತು ಹ್ಯೂಮ್ ಎಂಬ ಸಂಶೋಧಕರು 1997ರಲ್ಲಿ ಬರೆದರು: ತಾಪಮಾನ ಏರುತ್ತಿದ್ದರೂ ತೊಟ್ಟಿಯ ಆವಿ ಇಳಿದಿತ್ತು. ಮುಖ್ಯ ಕಾರಣ, ಗಾಳಿಯ ತೇವ ಹೆಚ್ಚಿದ್ದು. ಗಾಳಿಯ ವೇಗ ತಗ್ಗಿದ್ದೂ ಸೇರಿದೆ ಎಂದು ಆಮೇಲಿನ ಅಧ್ಯಯನಗಳು ಹೇಳಿದವು. ಹೊಗೆ, ದೂಳು ಬಿಸಿಲಿಗೆ ಅಡ್ಡ ನಿಂತದ್ದೂ ಉಂಟು. ಅಮೆರಿಕ, ಆಸ್ಟ್ರೇಲಿಯಾದಲ್ಲೂ ತೊಟ್ಟಿಗಳು ಇದೇ ಕಥೆ ಹೇಳಿದವು.

ಹಾಗಂತ ಸೆಕೆಗೆ ಬೆಲೆಯೇ ಇಲ್ಲ ಅಂತಲ್ಲ. ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಡಬಲ್ಲ ಆವಿ ಸುಮಾರು 7 ಶೇಕಡಾ ಹೆಚ್ಚುತ್ತದೆ. ಅದಕ್ಕೆ ತಕ್ಕ ತೇವ ಸಿಗದಿದ್ದರೆ ಗಾಳಿಯ ದಾಹ ಹೆಚ್ಚುತ್ತದೆ. 2010ರ ಆಚೀಚೆಯಿಂದ ಜಗತ್ತಿನ ಹಲವೆಡೆ ಗಾಳಿಯ ವೇಗವೂ ಮತ್ತೆ ಏರಿದೆ. ಆದ್ದರಿಂದ ಹಳೇ ಇಳಿಕೆ ಮುಂದೂ ಹಾಗೇ ಇರುತ್ತದೆ ಎಂದು ಸುಮ್ನೆ ಕೂರುವಂತಿಲ್ಲ.

ಇನ್ನೊಂದು. ತೊಟ್ಟಿ ತೋರಿಸುವುದು ಗಾಳಿ ಎಷ್ಟು ಕೇಳುತ್ತದೆ ಎಂಬುದನ್ನು. ನೆಲ ಕೊಡುವುದು ತನ್ನಲ್ಲಿ ಇದ್ದಷ್ಟನ್ನೇ. ಮಳೆಗಾಲ ಮುಗಿದು ಒಣಗಿ ನಿಂತ ರಾಗಿ ಹೊಲದಲ್ಲಿ ಎಷ್ಟೇ ಬಿಸಿಲಿದ್ದರೂ ಆವಿಯಾಗಲು ನೀರೆಲ್ಲಿದೆ? ಪಕ್ಕದಲ್ಲೇ ಬೋರ್‌ವೆಲ್ ನೀರಿನ ಟೊಮೆಟೊ ತೋಟ ಇದ್ದರೆ ಅಲ್ಲಿಂದ ದಂಡಿಯಾಗಿ ಹೋಗುತ್ತದೆ. ಒಂದು ಎಕರೆಯಿಂದ 5 ಮಿ.ಮೀ. ಆಳದಷ್ಟು ನೀರು ಹೋಯಿತೆಂದರೆ ಸುಮಾರು 20,000 ಲೀಟರ್.

ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಡ್ರಿಪ್ ಹಾಕಿದರೆ ಆವಿ ಉಳಿಯುತ್ತದಾ? ಬರಿ ನೆಲದಿಂದ ಹೋಗುವುದು ಉಳಿಯುತ್ತದೆ, ಮಲ್ಚಿಂಗ್ ಶೀಟ್ ಹಾಸಿದರೆ ಇನ್ನೂ ಜಾಸ್ತಿ. ಎಲೆ ಬಿಡುವುದು ಉಳಿಯಲ್ಲ. ಗಿಡ ಸೊಂಪಾಗಿ ಬೆಳೆದರೆ ಅದು ಏರಲೂಬಹುದು. ಕಾಲುವೆಯಲ್ಲಿ ಹಾಯಿಸುವಾಗ ಇಂಗಿ ಕೆಳಗಿಳಿಯುತ್ತಿದ್ದ ನೀರೂ ಡ್ರಿಪ್‌ನಲ್ಲಿ ಕಡಿಮೆ. ಉಳಿದ ನೀರಲ್ಲಿ ಇನ್ನೊಂದು ಎಕರೆ ನಾಟಿ ಮಾಡಿದಿರಿ ಅನ್ನಿ, ಆಗ ನಿಮ್ಮ ಜಮೀನಿನಿಂದ ಒಟ್ಟು ಆವಿ ಹೋಗಿದ್ದು ಮೊದಲಿಗಿಂತ ಜಾಸ್ತಿಯೇ. ಆ ಲೆಕ್ಕ ಬೋರ್‌ವೆಲ್ ಮೇಲೆ ಬೀಳುತ್ತದೆ.