ಸಿಹಿ ತಿಂದರೆ ಹೊಟ್ಟೆಯಲ್ಲಿ ಹುಳು ಆಗುತ್ತದೆಯೇ?

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಬೆಲ್ಲ, ಮಿಠಾಯಿ ಅಂದರೆ ಪ್ರಾಣ. ಪದೇ ಪದೇ ಜಂತುಹುಳು ಆಗುತ್ತಿದೆ. ಸಿಹಿ ನಿಲ್ಲಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲಮ್ಮ, ಸರಿಹೋಗುವುದಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಕೇಳುವವರು ಬದಲಾಗುತ್ತಾರೆ, ಬೆಲ್ಲದ ಮೇಲಿನ ದೂರು ಮಾತ್ರ ಹಾಗೇ ಇದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಹುಳು ಬರುವುದು ಮೊಟ್ಟೆಯಿಂದ. ಜಂತುಹುಳುವಿನಲ್ಲೇ ಒಂದು ಜಾತಿ ದುಂಡುಹುಳು; ಅದರ ಒಂದು ಹೆಣ್ಣು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಅವು ಮಲದ ಜೊತೆ ಹೊರಗೆ ಹೋಗುತ್ತವೆ. ಜನ ಬಯಲಿಗೆ ಹೋಗುವ ಕಡೆ ಮಣ್ಣು ಸೇರಿ, ತೇವದಲ್ಲಿ ಎರಡು ಮೂರು ವಾರ ಬಲಿತ ಮೇಲೆಯೇ ಇನ್ನೊಬ್ಬರಿಗೆ ತಗಲುವುದು. ಅಂದರೆ ಹೊಟ್ಟೆಯಲ್ಲಿ ಹತ್ತು ದುಂಡುಹುಳು ಇದ್ದರೆ ಹತ್ತೂ ಮೊಟ್ಟೆ ಹೊರಗಿನಿಂದ, ಬಾಯಿಯ ದಾರಿಯಲ್ಲೇ ಬಂದದ್ದು. ಒಳಗೇ ಮರಿಯಾಗಿ ಹೆಚ್ಚುವ ಜಾತಿಯಲ್ಲ ಅದು.

ಹಾಗಾದರೆ ಸಿಹಿಗೆ ಈ ಅಪವಾದ ಯಾಕೆ ಬಂತು? ಸಂಜೆ ಹುಡುಗರನ್ನು ನೋಡಿ. ಗೋಲಿ ಆಡಿದ ಕೈಯನ್ನು ಚಡ್ಡಿಗೆ ಒರೆಸಿ ಕಡಲೆಮಿಠಾಯಿ ಹಿಡಿಯುತ್ತಾರೆ. ಬೆಲ್ಲದ ಅಂಟು ಹತ್ತಿದ ಬೆರಳನ್ನು ಒಂದೊಂದಾಗಿ ಚೀಪುತ್ತಾರೆ. ಉಗುರಿನ ಸಂದಿಯಲ್ಲಿದ್ದ ಕಪ್ಪು ಗೆರೆ ಅಲ್ಲಿಗೆ ಮಾಯ. ಅದು ಹೋದದ್ದೆಲ್ಲಿಗೆ? ಊಟಕ್ಕೆ ಕೂರುವಾಗ ನಾವು ಕೈ ತೊಳೆಸುತ್ತೇವೆ, ಮಿಠಾಯಿಗೆ ಯಾರೂ ತೊಳೆಸುವುದಿಲ್ಲ.

ಉಗುರು ಕತ್ತರಿಸಿ, ಸೋಪು ಹಚ್ಚಿ ಉಜ್ಜಿ ತೊಳೆಸಿ. ಸ್ಯಾನಿಟೈಸರ್ ಸಾಲದು, ಮೊಟ್ಟೆಯ ಚಿಪ್ಪು ಅದಕ್ಕೆ ಬಗ್ಗುವುದಿಲ್ಲ. ಹಸಿ ಸೌತೆ, ಕ್ಯಾರೆಟ್ ತೊಳೆದೇ ಕೊಡಿ. ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಕೊಡುವ ಆಲ್ಬೆಂಡಜೋಲ್ ಮಾತ್ರೆ ತಪ್ಪಿಸಬೇಡಿ. ಆದರೆ ಅದು ಇರುವ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮುಂದಿನ ವಾರ ಬಾಯಿಗೆ ಹೋಗುವ ಮೊಟ್ಟೆಯನ್ನಲ್ಲ. ನಿಮ್ಮ ಮಗನಿಗೆ ಮತ್ತೆ ಮತ್ತೆ ಬರುತ್ತಿರುವುದು ಇದಕ್ಕೇ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕೊಕ್ಕೆಹುಳು ಅಂತ ಇನ್ನೊಂದು ಜಾತಿಯಿದೆ, ಅದು ಒಳಸೇರಲು ನಮ್ಮ ಬಾಯಿಯೇ ಬೇಕಿಲ್ಲ. ಅದರ ಮರಿ ಬರಿಗಾಲಿನ ಚರ್ಮ ಕೊರೆದು ಒಳಸೇರಿ, ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗಿ, ಕೊನೆಗೆ ಕರುಳಿಗೆ ಇಳಿದು ರಕ್ತ ಹೀರುತ್ತದೆ. ಮನೆಯಲ್ಲಿ ಗದ್ದೆ ತೋಟಕ್ಕೆ ಚಪ್ಪಲಿಯಿಲ್ಲದೆ ಹೋಗುವವರು ಸದಾ ಸುಸ್ತು ಅನ್ನುತ್ತಿದ್ದರೆ, ಮುಖ ಬಿಳಿಚಿದ್ದರೆ, ಹಿಮೋಗ್ಲೋಬಿನ್ ಜೊತೆ ಮಲ ಪರೀಕ್ಷೆಯನ್ನೂ ಮಾಡಿಸಿ. ಬರೀ ಕಬ್ಬಿಣಾಂಶದ ಮಾತ್ರೆ ನುಂಗಿಸುತ್ತಿದ್ದರೆ ನೀವು ತುಂಬುತ್ತಿರುತ್ತೀರಿ, ಹುಳು ಹೀರುತ್ತಿರುತ್ತದೆ.