ಹೆಸರಿನ ಮೇಲೆ ಹೆಬ್ಬೆರಳಿಟ್ಟು ಓದಿ

"ಮೇಡಂ, ಅವರು ಬೆಳಗಿನ ಜಾವ ನಾಲ್ಕಕ್ಕೆ ಏಳ್ತಾರೆ. ಅದಕ್ಕೇ ನಾನೂ ಏಳ್ತಿದ್ದೀನಿ."

ಆಪ್ತಸಮಾಲೋಚನೆಗೆ ಬರುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಒಬ್ಬರ ಆರಾಧ್ಯದೈವ ಉದ್ಯಮಿ, ಇನ್ನೊಬ್ಬರದು ಆಟಗಾರ. ಏಳುವ ಹೊತ್ತು ಮಾತ್ರ ಅದೇ ನಾಲ್ಕು.

ಹೀಗೇ ಬಂದಿದ್ದ ಒಬ್ಬ ಹುಡುಗ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಮೂರು ತಿಂಗಳು ನಾಲ್ಕಕ್ಕೆದ್ದು, ಮಧ್ಯಾಹ್ನ ಕೆಲಸದ ನಡುವೆ ತೂಕಡಿಸಿ, ಕೊನೆಗೆ "ನನ್ನಲ್ಲೇ ಏನೋ ಕೊರತೆ" ಅಂದುಕೊಂಡಿದ್ದ. ಅವರಲ್ಲಿ ನಿನಗೆ ಏನು ಇಷ್ಟ ಅಂತ ಕೇಳಿದೆ. "ಎಲ್ಲಾ" ಅಂದ. ಎಲ್ಲಾ ಅಂದ್ರೆ? ತುಂಬ ಹೊತ್ತು ಸುಮ್ನಿದ್ದ. ಆಮೇಲೆ, "ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಅಂದುಬಿಡ್ತಾರೆ. ನನಗೆ ಅದು ಆಗಲ್ಲ" ಅಂದ.

ಇದಕ್ಕೆ ಅಲಾರಂ ಯಾಕೆ ಬೇಕಿತ್ತು?

ಹಾಳೆ ಕೊಟ್ಟು ಇಷ್ಟವಾದದ್ದನ್ನೆಲ್ಲ ಬರೆಸಿದೆ. ಪ್ರತಿ ಸಾಲಿನಲ್ಲೂ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಓದು ಅಂದೆ. "ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾರೆ." ಹೆಸರಿಲ್ಲದೆಯೂ ಆ ಸಾಲಿಗೆ ತೂಕವಿತ್ತು. "ಒಂದೇ ಬಣ್ಣದ ಅಂಗಿ ಹಾಕುತ್ತಾರೆ" ಅನ್ನೋ ಸಾಲಿಗೆ ಬಂದಾಗ ಅವನಿಗೇ ನಗು ಬಂತು.

ಇದನ್ನು ಹೇಳಿದರೆ ಜನ ತಪ್ಪು ತಿಳಿಯುತ್ತಾರೆ. ಯಾರನ್ನೂ ಮೆಚ್ಚಬೇಡಿ ಅಂತಲ್ಲ. ಎಲ್ಲರಲ್ಲೂ ಹುಳುಕು ಹುಡುಕಿ ಅಂತಲೂ ಅಲ್ಲ. ನೀವು ಮೆಚ್ಚಿದ್ದು ಒಂದು ನಡೆಯನ್ನ. ಅದನ್ನಷ್ಟೇ ತಗೊಳ್ಳಿ, ಮನುಷ್ಯನನ್ನು ಇಡಿಯಾಗಿ ಹೊತ್ತುಕೊಂಡು ಬರಬೇಡಿ. ಒಂದು ಒಳ್ಳೆಯದು ಕಂಡರೆ ಉಳಿದದ್ದೂ ಒಳ್ಳೆಯದೇ ಅನ್ನಿಸುವುದು ಮನಸ್ಸಿನ ಹಳೆ ಚಾಳಿ. 1920ರಲ್ಲೇ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಇದನ್ನು ತೋರಿಸಿದ್ದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವಕ್ಕೆ ಬೇರೆಬೇರೆಯಾಗಿ ಅಂಕ ಕೊಡಬೇಕಿತ್ತು. ಒಂದರಲ್ಲಿ ಜಾಸ್ತಿ ಪಡೆದವನಿಗೆ ಉಳಿದದ್ದರಲ್ಲೂ ಜಾಸ್ತಿಯೇ ಬಿದ್ದಿತ್ತು.

ಲೈನಸ್ ಪಾಲಿಂಗ್ ಅವರನ್ನೇ ನೋಡಿ. 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ನೇ ಸಾಲಿಗೆ ಶಾಂತಿಗೆ ನೊಬೆಲ್ ಪಡೆದವರು. ಎರಡನ್ನೂ ಯಾರ ಜೊತೆಗೂ ಹಂಚಿಕೊಂಡಿರಲಿಲ್ಲ. ಅಂಥವರು ಕ್ಯಾನ್ಸರ್‌ಗೆ ಭಾರೀ ಪ್ರಮಾಣದ ವಿಟಮಿನ್ ಸಿ ಒಳ್ಳೆಯದು ಎಂದು ವಾದಿಸಿದರು. ಮೇಯೋ ಕ್ಲಿನಿಕ್ ನಡೆಸಿದ ಪರೀಕ್ಷೆಗಳಲ್ಲಿ ಬಾಯಿಂದ ಕೊಟ್ಟ ವಿಟಮಿನ್ನಿನಿಂದ ಪ್ರಯೋಜನ ಕಾಣಲಿಲ್ಲ. ಹಾಗಂತ ರಾಸಾಯನಿಕ ಬಂಧದ ಬಗ್ಗೆ ಅವರು ಮಾಡಿದ ಕೆಲಸ ಸುಳ್ಳಾಯಿತೇ? ಇಲ್ಲವಲ್ಲ.

ನನಗೆ ಜಾಸ್ತಿ ಸಂಕಟವಾಗುವುದು ಇದರ ಉಲ್ಟಾ ನಡೆದಾಗ. ಗುರುವಿನ ಕೆಟ್ಟ ನಡತೆ ಬಯಲಾಯಿತೆಂದು ಒಬ್ಬಾಕೆ ಹನ್ನೊಂದು ವರ್ಷ ಕಲಿತ ನೃತ್ಯವನ್ನೇ ಬಿಟ್ಟಿದ್ದರು. ಅಲ್ಲಮ್ಮಾ, ಕುಣಿದು ಕುಣಿದು ನೊಂದದ್ದು ನಿಮ್ಮ ಕಾಲಲ್ವಾ? ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರಿಗೆ ಮೊದಲು ಅಳಬೇಕಿತ್ತು.

ಹದಿಹರೆಯದವರ ಅಭಿಮಾನಕ್ಕೆ ನಾನು ಸಾಮಾನ್ಯವಾಗಿ ಹೆದರುವುದಿಲ್ಲ, ಗೋಡೆ ತುಂಬ ಚಿತ್ರ ಅಂಟಿಸಿಕೊಳ್ಳಲಿ ಬಿಡಿ. ಆದರೆ ಆ ಗುಂಗಿನಲ್ಲಿ ಯಾರದೇ ನಿದ್ದೆ, ದುಡ್ಡು, ಮನೆಯವರ ಜೊತೆಗಿನ ಮಾತು ಕೆಡುತ್ತಿದ್ದರೆ ಅಂಕಣ ಓದಿದರೆ ಸಾಲದು. ತಜ್ಞರ ಎದುರು ಕೂತು ಮಾತಾಡಬೇಕು.

ಆ ಹುಡುಗ ಮೊನ್ನೆ ಬಂದಿದ್ದ. ಈಗ ಏಳುವುದು ಆರೂವರೆಗಂತೆ. ಮೀಟಿಂಗಿನಲ್ಲಿ "ಗೊತ್ತಿಲ್ಲ" ಅಂದೆಯಾ ಅಂತ ಕೇಳಿದೆ.

"ಒಂದ್ಸಲ ಅಂದೆ ಮೇಡಂ. ಕಿವಿ ಬಿಸಿಯಾಗಿಬಿಡ್ತು."