ಓದುಗರ ಪ್ರಶ್ನೆ: ತಂತಿ ಇರುವ ಲ್ಯಾನ್‌ಯಾರ್ಡ್ ಚೈನ್‌ಸಾಗೆ ಕೊಯ್ಯುವುದಿಲ್ಲವಂತೆ, ನಿಜವೇ?

ಪ್ರಶ್ನೆ: ತೋಟದ ಮರಗಳ ಕೊಂಬೆ ಸವರುವ ಮರಗಸಿಗೆ ಲ್ಯಾನ್‌ಯಾರ್ಡ್, ಅಂದರೆ ಸೊಂಟಪಟ್ಟಿಯಿಂದ ಕಾಂಡ ಸುತ್ತಿ ಕಟ್ಟಿಕೊಳ್ಳುವ ಹಗ್ಗ, ಕೊಳ್ಳಬೇಕು. ಉದ್ದ ಹೊಂದಿಸಲು ಪ್ರೂಸಿಕ್ ಗಂಟು (ಹಗ್ಗಕ್ಕೆ ದಾರ ಸುತ್ತಿ ಹಾಕುವ, ಭಾರ ಬಿದ್ದರೆ ಬಿಗಿಯುವ ಗಂಟು) ಒಳ್ಳೆಯದೋ, ಲೋಹದ ಅಡ್ಜಸ್ಟರೋ? ಉಕ್ಕಿನ ತಂತಿ ಇರುವುದನ್ನು ಕೊಂಡರೆ ಚೈನ್‌ಸಾ ತಾಗಿದರೂ ಭಯವಿಲ್ಲವಂತೆ?

ತಂತಿಯ ವಿಷಯ ಮೊದಲು. ಸುಳ್ಳು. ಹಿಂದೆಯೂ ಹೇಳಿದ್ದೇನೆ, ಮುಂದಿನ ಮರಗಸಿಗೆ ಮತ್ತೆ ಯಾರಾದರೂ ಕೇಳುತ್ತಾರೆ, ಆಗಲೂ ಇದೇ ಉತ್ತರ.

ಕೈಗರಗಸ ಜಾರಿ ತಾಗಿದರೆ ಒಳಗಿನ ತಂತಿ ಅದನ್ನು ತಡೆದೀತು. ಚೈನ್‌ಸಾದ ಸರಪಳಿ ಓಡುವುದು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ. ಮೇಲಾಗಿ ನೀವು ಹಿಂದಕ್ಕೆ ವಾಲಿ ನಿಂತಿರುವಾಗ ಹಗ್ಗ ಬಿಗಿಯಾಗಿರುತ್ತದೆ. ಬಿಗಿದ ಹಗ್ಗ ಸಡಿಲ ಹಗ್ಗಕ್ಕಿಂತ ಬೇಗ ಹರಿಯುತ್ತದೆ. 'ಕಿಡಿ ಹಾರಿದ ತಕ್ಷಣ ಕೈ ಎಳೆದುಕೊಂಡರಾಯಿತು' ಎನ್ನುವವರಿದ್ದಾರೆ. ಅಷ್ಟು ಸಮಯ ಸಿಗುವುದಿಲ್ಲ.

ಹಾಗಾದರೆ ತಂತಿ ಯಾಕೆ? ಮುಖ್ಯವಾಗಿ ಬಿರುಸಿಗೆ. ದಪ್ಪ ಕಾಂಡದ ಹಿಂದಿನಿಂದ ಬೀಸಿದಾಗ ಮೆತ್ತನೆಯ ಹಗ್ಗ ಬಳುಕಿ ಬೀಳುತ್ತದೆ. ತಂತಿಯದ್ದು ಸುತ್ತಿ ಆಚೆ ಕೈಗೆ ಬರುತ್ತದೆ. ಅದರ ಬೆಲೆಯೂ ಇದೆ: ತೂಕ ಹೆಚ್ಚು, ಒಳಗಿನ ಎಳೆ ತುಂಡಾದರೂ ಹೊರಗೆ ಕಾಣುವುದಿಲ್ಲ, ಮತ್ತು ಅದು ವಿದ್ಯುತ್ ಹರಿಸುತ್ತದೆ. ತೋಟದ ಮೇಲೆ ಲೈನ್ ಹಾದುಹೋಗಿದ್ದರೆ ತಂತಿಯದ್ದು ಬೇಡವೇ ಬೇಡ. (ಹಾಗೆಂದು ಒದ್ದೆ ಹಗ್ಗವನ್ನೂ ನಂಬಬೇಡಿ. ಲೈನ್ ಆಫ್ ಮಾಡಿಸಿಯೇ ಹತ್ತಬೇಕು.)

ಚೈನ್‌ಸಾದಿಂದ ಉಳಿಸುವುದು ಎರಡನೆಯ ಆಧಾರ. ಗರಗಸ ಚಾಲೂ ಮಾಡುವ ಮೊದಲು ಮೇಲಿನ ಮುಖ್ಯ ಹಗ್ಗ ಮತ್ತು ಲ್ಯಾನ್‌ಯಾರ್ಡ್ ಎರಡೂ ಮೈಗೆ ಕಟ್ಟಿರಬೇಕು. ಅಮೆರಿಕದಲ್ಲಿ ಮರಗೆಲಸದ ಸುರಕ್ಷತೆಗಿರುವ ಝಡ್ 133 ನಿಯಮ ಕೇಳುವುದೂ ಇದನ್ನೇ. ಬಾರ್‌ನ (ಗರಗಸದ ಸರಪಳಿ ಸುತ್ತುವ ಉದ್ದ ಪಟ್ಟಿಯ) ತುದಿ ಕಾಂಡದ ಆಚೆಗೆ ಬರುವ ಕಡೆ ಹಗ್ಗ ಎಲ್ಲಿದೆ ಎಂದು ಬಗ್ಗಿ ನೋಡಿ; ಕಣ್ಣಿಗೆ ಕಾಣದ ಕಡೆಯ ಹಗ್ಗವೇ ಕೊಯ್ದುಹೋಗುವುದು.

ಇನ್ನು ಅಡ್ಜಸ್ಟರ್. ಪ್ರೂಸಿಕ್ ಅಗ್ಗ, ನಂಬಿಕಸ್ತ. ಗಂಟು ಹಾಕುವ ದಾರ ಮಾತ್ರ ಹಗ್ಗಕ್ಕಿಂತ ತೆಳ್ಳಗಿರಬೇಕು: 12-13 ಮಿಮೀ ಹಗ್ಗಕ್ಕೆ 8ರಿಂದ 10 ಮಿಮೀ. ಎರಡೂ ಒಂದೇ ದಪ್ಪವಾದರೆ ಹಿಡಿತ ಸಾಲದು. ಭಾರ ಬಿದ್ದು ಬಿಗಿದ ಮೇಲೆ, ಅದರಲ್ಲೂ ಮಳೆಯಲ್ಲಿ, ಬಿಡಿಸುವುದು ಕಷ್ಟ. ಸರಳ ಕ್ಯಾಮ್ (ಹಗ್ಗವನ್ನು ಒತ್ತಿ ಹಿಡಿಯುವ ತಿರುಗು ತುಂಡು) ಅಡ್ಜಸ್ಟರ್ ಒಂದೇ ಕೈಯಲ್ಲಿ ಎಳೆದು ಗಿಡ್ಡ ಮಾಡಲು ಸಲೀಸು, ಉದ್ದ ಬಿಡಬೇಕೆಂದರೆ ಭಾರ ತೆಗೆಯಬೇಕು. ಪೆಟ್ಜಲ್ ಕಂಪನಿಯ ಗ್ರಿಲಾನ್, ಝಿಲಾನ್‌ನಂಥವು ಭಾರ ಇರುವಾಗಲೇ ನಿಧಾನವಾಗಿ ಬಿಡುತ್ತವೆ. ದಿನವಿಡೀ ಮರದ ಮೇಲಿರುವವರಿಗೆ ದುಡ್ಡು ಕೊಡುವ ಕಾರಣ ಅದೊಂದೇ, ಅದು ಸಾಕು ಕೂಡ. ಹಲಸಿನ ಮೇಣ ಕ್ಯಾಮಿಗೆ ಅಂಟಿದರೆ ಹಿಡಿತ ಕೆಡುತ್ತದೆ: ಬೆಚ್ಚಗಿನ ನೀರು, ಸಾಬೂನು, ಬ್ರಷ್. ಕೈಗೆ ಹಚ್ಚುವ ಎಣ್ಣೆ ಹಗ್ಗಕ್ಕೆ ತಾಗಬಾರದು.

ಕೇಳಲಿಲ್ಲ, ಆದರೂ ಉದ್ದದ ಲೆಕ್ಕ ಹೇಳುತ್ತೇನೆ. ಕಾಂಡದ ಅರ್ಧ ಸುತ್ತಳತೆಗೆ ಸೊಂಟದಿಂದ ಕಾಂಡದ ಎರಡು ಪಕ್ಕದ ದೂರ ಸೇರಿಸಿ. 40 ಸೆಂಮೀ ದಪ್ಪದ ಸಿಲ್ವರ್ ಓಕ್‌ಗೆ ಸುಮಾರು 2 ಮೀಟರ್. ಆದರೆ ಕೊಂಬೆಯಿಲ್ಲದ ನೇರ ಕಾಂಡದಲ್ಲಿ ಕಾಲು ಜಾರಿದರೆ ಒಂಟಿ ಸುತ್ತು ನಿಮ್ಮ ಜೊತೆಗೇ ಕೆಳಗೆ ಬರುತ್ತದೆ, ಅಡ್ಜಸ್ಟರ್ ಎಷ್ಟೇ ದುಬಾರಿಯದಾದರೂ. ಅಲ್ಲಿ ಎರಡು ಸುತ್ತು ಬೇಕು: ಇನ್ನೊಂದು 1.25 ಮೀಟರ್. ಅಡ್ಜಸ್ಟರ್ ದಾಟಿ ಉಳಿಯುವ ಬಾಲಕ್ಕೆ ಅರ್ಧ ಮೀಟರ್ ಸೇರಿಸಿ 4 ಮೀಟರಿನದ್ದು ಕೊಳ್ಳಿ. 80 ಸೆಂಮೀ ಹಲಸಿಗೆ 6 ಮೀಟರ್. ಬಾಲದ ತುದಿಯಲ್ಲಿ ತಡೆಗಂಟು ಇಲ್ಲದಿದ್ದರೆ ಹಗ್ಗ ಅಡ್ಜಸ್ಟರ್‌ನಿಂದ ಪೂರ್ತಿ ಜಾರಿ ಹೊರಬರುತ್ತದೆ; ಅಂಗಡಿಯಲ್ಲೇ ನೋಡಿಕೊಳ್ಳಿ.